ಕರೆಯಲು ಹೋದ ಸೊಸೆ

ಸತ್ತ ಗಂಡನ ಫೋನು ಬಡಿದುಕೊಂಡಾಗ ಗಂಗೋತ್ರಿ ರೊಟ್ಟಿ ತಟ್ಟುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಎತ್ತಿದಳು.

"ದುರುಗೇಶ್ ಅವರೇ, ನಮ್ಮ ಸ್ನೇಹಾನ ಮದುವಿ ಐತಿ. ಮನಿಮಂದಿಯೆಲ್ಲ ತಪ್ಪದ ಬರ್ರಿ."

ದನಿ ಮಾವ ಮೈಲಾರಲಿಂಗಪ್ಪನವರದು. ಮಾವನೋ ಎದುರಿಗೇ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಮೊಣಕಾಲು ನೋವು, ಊರೂರು ತಿರುಗಲಾಗದು ಎಂದು ಮಗಳ ಮದುವೆಗೆ ಕರೆಯುವ ಕೆಲಸವನ್ನು ಹೊಸಪೇಟೆಯ ಕಂಪ್ಯೂಟರ್ ಅಂಗಡಿಯೊಂದಕ್ಕೆ ಒಪ್ಪಿಸಿದ್ದರು. ಅಲ್ಲಿನ ಎಐ ಅವರ ದನಿ ಕಲಿತು, ಅವರ ಫೋನಿನಲ್ಲಿ ಹೆಸರಿದ್ದವರನ್ನೆಲ್ಲ ಕರೆಯುತ್ತಿತ್ತು. ಹೋದವರು ಯಾರು, ಇದ್ದವರು ಯಾರು, ಅದಕ್ಕೇನು ಗೊತ್ತು?

"ಯಾರದವ್ವಾ ಫೋನು?"

"ರಾಂಗ್ ನಂಬರ್ ರೀ, ಮಾವ." ರೊಟ್ಟಿ ಮಗುಚಿ ಹಾಕಿದಳು.

ಸಂಜೆಗೆ ಕಂಪ್ಲಿಯಿಂದ ಸುದ್ದಿ ಬಂತು. ಸ್ನೇಹಾಳ ಸೋದರಮಾವ ವಿರುಪಾಕ್ಷಪ್ಪ ಮದುವೆಗೆ ಬರುವುದಿಲ್ಲವಂತೆ. ಮನೆಗೆ ಬಂದು, ಕುಂಕುಮ ಹಚ್ಚಿ, ಅಕ್ಷತೆ ಕೊಟ್ಟು ಕರೆಯದಿದ್ದರೆ ಅದು ಕರೆಯೇ ಅಲ್ಲವಂತೆ. ಸೋದರಮಾವ ಬಾಸಿಂಗ ಕಟ್ಟದೆ ಹುಡುಗಿ ಹಂದರ ಹತ್ತುವಂತಿಲ್ಲ. ಸ್ನೇಹಾ ಬಿಕ್ಕಿ ಬಿಕ್ಕಿ ಅತ್ತಳು.

"ನಾ ಹೋಗಿ ಕರದು ಬರ್ತೀನಿ," ಅಂದಳು ಗಂಗೋತ್ರಿ.

"ನೀನು? ಕುಂಕುಮದ ಬಟ್ಲ ಹಿಡ್ಕೊಂಡು? ಗಂಡ ಸತ್ತಾಕಿ ಕರೀಬಾರದವ್ವಾ. ಮಂದಿ ಏನಂದಾರು?" ಅಂದರು ಮಾವ.

"ಮಿಷಿನ್ನಿಗಿಂತ ನಾ ಕಡಿಮಿ ಆದ್ನೇನ್ರಿ?"

ಮಾವ ಕುಂಕುಮದ ಬಟ್ಟಲನ್ನು ಅವಳತ್ತ ಸರಿಸಿದರು.

ಮರುದಿನ ಕಂಪ್ಲಿ ಬಸ್ಸು ಹತ್ತಿದಳು. ಬಾಗಿಲಲ್ಲಿ ಅವಳನ್ನು ಕಂಡು ವಿರುಪಾಕ್ಷಪ್ಪ ನಕ್ಕರು.

"ಬಾರವ್ವ. ನಿಮ್ಮ ಮಾವ ಫೋನ್ ಮಾಡಿದ್ನಲ್ಲ! 'ಮೊಣಕಾಲು ಹೆಂಗೈತೋ?' ಅಂದ್ರ 'ತಪ್ಪದ ಬರ್ರಿ'. 'ಗದ್ದಿ ನಾಟಿ ಆತೇನೋ?' ಅಂದ್ರೂ 'ತಪ್ಪದ ಬರ್ರಿ'. ಗಿಣಿನಾದ್ರೂ ಇನ್ನೊಂದು ಮಾತು ಕಲಿತೈತಿ!"

"ಅದು ಇವರಿಗೂ ಫೋನ್ ಮಾಡಿತ್ರಿ. ದುರುಗೇಶ್ ಅವರೇ, ಬರ್ರಿ ಅಂತು."

ವಿರುಪಾಕ್ಷಪ್ಪನ ನಗು ಅಲ್ಲೇ ನಿಂತಿತು. ಆ ಸೋದರಳಿಯನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು ಅವರು.

ಗಂಗೋತ್ರಿ ನೆಲದ ಮೇಲೆ ಕುಳಿತು ಬಟ್ಟಲು ಮುಂದಿಟ್ಟಳು. "ತಪ್ಪಾತ್ರಿ. ಈಗ ನಾ ಕರಿಯಾಕ ಬಂದೀನಿ. ನನ್ನ ಕೈಯ ಕುಂಕುಮ ಬ್ಯಾಡಂದ್ರ ನೀವ ಹಚ್ಕೋರಿ. ಬರ್ತೀನಿ ಅನ್ನೋ ತನಕ ಏಳಂಗಿಲ್ಲ."

ವಿರುಪಾಕ್ಷಪ್ಪ ಹೆಂಡತಿಯ ಮುಖ ನೋಡಿದರು. ಉಚ್ಚೆಂಗಮ್ಮ ಒದ್ದೆ ಕೈ ಸೆರಗಿಗೆ ಒರೆಸುತ್ತ ಬಂದು ಗಂಗೋತ್ರಿಯ ಎದುರು ಕುಳಿತು ಹಣೆ ಒಡ್ಡಿದಳು.

"ಹಚ್ಚು."

ಗಂಗೋತ್ರಿ ಚಿಟಿಕೆ ತುಂಬ ತೆಗೆದು ಹಚ್ಚಿದಳು. ಕುಂಕುಮ ಮೂಗಿನ ಮೇಲೆಲ್ಲ ಉದುರಿತು.

"ಎಲ್ಲಾ ನನಗ ಸುರೀಬ್ಯಾಡ ತಾಯಿ, ಉಳದೋರಿಗೂ ಇಟ್ಕೋ!"

ವಿರುಪಾಕ್ಷಪ್ಪ ಎದ್ದು ಚಪ್ಪಲಿ ಮೆಟ್ಟಿದರು. "ಮುಂದಿನ ಮನಿ ಯಾವುದು? ನಡಿ, ನಿನ್ನ ಕೂಡ ನಾನೂ ಬರ್ತೀನಿ. ಯಾರು ಏನಂತಾರ ನೋಡೂಣು."

ಗಂಗೋತ್ರಿ ಕದಲಲಿಲ್ಲ. "ಮೊದಲು ಮದುವಿಗೆ ಬರ್ತೀನಿ ಅನ್ರಿ."

"ಬರ್ತೀನಿ ಮಾರಾಯ್ತಿ, ಏಳು!"

ಆಗ ಎದ್ದಳು.