ಹೇಮಾಳ ಮನೆಯ ಈಳಿಗೆ ನಾನು

ನಾನು ಒಂದು ಈಳಿಗೆ. ಚಾಕುವಿನ ಹಾಗೆ ಕೈಯಿಂದ ಕೈಗೆ ಓಡಾಡುವುದು ನನ್ನ ಜಾಯಮಾನವಲ್ಲ. ನಾನು ನೆಲದ ಮೇಲೆ ಕದಲದೆ ನಿಲ್ಲುತ್ತೇನೆ. ತರಕಾರಿಯೇ ನನ್ನ ಬಳಿಗೆ ಬರಬೇಕು. ಕೊಯ್ಯುವವರು ನನ್ನ ಮಣೆಯನ್ನು ಒಂದು ಪಾದದಿಂದ ಒತ್ತಿ ಹಿಡಿದು ಕೂರುತ್ತಾರೆ. ಹೀಗಾಗಿ ನಾನು ಜನರನ್ನು ಬಲ್ಲದ್ದೆಲ್ಲ ಕೆಳಗಿನಿಂದಲೇ.

ಬೆಟಗೇರಿಯ ಕಮ್ಮಾರ ಮೌನೇಶಪ್ಪನ ಕುಲುಮೆಯಲ್ಲಿ ನನ್ನ ಹುಟ್ಟು. ಅದಕ್ಕೆ ಮೊದಲು ನಾನು ಹತ್ತಿ ಅಂಡಿಗೆ ಹೊರುವ ಲಾರಿಯೊಂದರ ಸ್ಪ್ರಿಂಗ್ ಪಟ್ಟಿಯಾಗಿದ್ದೆನಂತೆ. ಆ ದಿನಗಳ ನೆನಪು ನನಗಿಲ್ಲ. ಕೆಂಡದಲ್ಲಿ ಕೆಂಪಾದದ್ದು, ಸುತ್ತಿಗೆಯ ಏಟಿಗೆ ಬಾಗಿದ್ದು, ನೀರಿನಲ್ಲಿ ಅದ್ದಿದಾಗ ಚುಂಯ್ ಎಂದದ್ದು ಮಾತ್ರ ನೆನಪಿದೆ. ಮೌನೇಶಪ್ಪ ನನ್ನನ್ನು ಜಾಲಿಯ ಮಣೆಗೆ ಜಡಿದು, ಅಲಗಿನ ಮೇಲೆ ಹೆಬ್ಬೆರಳು ಸವರಿ, "ಇದು ಮೂರು ಮನಿ ನೋಡೂ ಈಳಿಗಿ" ಎಂದ. ಅವನು ಹೇಳಿದ್ದಕ್ಕಿಂತ ಒಂದು ಮನೆ ಕಡಿಮೆಯೇ ನೋಡಿದೆ. ಆದರೆ ನೋಡಿದ್ದು ಕಡಿಮೆಯೇನಲ್ಲ.

ಮೊದಲು ನನ್ನನ್ನು ಕೊಂಡವಳು ಗದಗಿನ ಪೇಟೆಯಲ್ಲಿ ಸಾವಜಿ ಖಾನಾವಳಿ ನಡೆಸುತ್ತಿದ್ದ ತುಳಜಾಬಾಯಿ. ದಪ್ಪ ಬೆಳ್ಳಿಯ ಕಾಲುಂಗುರ ತೊಟ್ಟ ಅವಳ ಪಾದ ಹನ್ನೊಂದು ವರ್ಷ ನನ್ನ ಮೇಲಿತ್ತು. ಬೆಳಿಗ್ಗೆ ಬುಟ್ಟಿಗಟ್ಟಲೆ ಉಳ್ಳಾಗಡ್ಡಿ, ಆಮೇಲೆ ಮಟನ್ನು. ಖಾರದ ಸಾರು ಕುದಿಯುವಾಗ ಬೀದಿಯ ಆ ತುದಿಯವರೂ ಮೂಗು ಎತ್ತುತ್ತಿದ್ದರು. ಅಲ್ಲಿ ರೊಟ್ಟಿ ಬಡಿಯಲು ಬರುತ್ತಿದ್ದ ಹುಡುಗಿ ಹೇಮಾ. ಬಡಿಯುವಾಗ ಅವಳ ರೊಟ್ಟಿ ತಾನಾಗಿ ತಿರುಗುತ್ತಿತ್ತು. ಮೊಣಕಾಲು ಕೈಕೊಟ್ಟು ತುಳಜಾಬಾಯಿ ಖಾನಾವಳಿ ಮುಚ್ಚಿದ ವರ್ಷವೇ ಹೇಮಾಳ ಮದುವೆ ಗೊತ್ತಾಯಿತು. ಮುದುಕಿ ನನ್ನನ್ನು ಒರೆಸಿ ಅವಳ ಕೈಗಿಟ್ಟಳು.

"ಬಂಗಾರ ಕೊಡಾಕ ನನ್ನ ಕಡೆ ಇಲ್ಲವ್ವ. ಇದನ್ನ ಒಯ್ಯಿ. ಗಂಡ ಸಿಟ್ಟಾದ್ರೂ ಇದು ನಿನ್ನ ಮ್ಯಾಲೆ ಸಿಟ್ಟಾಗಂಗಿಲ್ಲ."

ಹೇಮಾಳ ಗಂಡ ಫಕೀರಪ್ಪ ಬಸ್ ಡ್ರೈವರ್. ಮನೆ ಎಂದರೆ ಎರಡು ಕೋಣೆ. ಅಡುಗೆಯೂ ಊಟವೂ ಒಂದರಲ್ಲೇ. ಅತ್ತೆ ದ್ಯಾಮವ್ವ ಜೊತೆಗಿದ್ದಳು. ಕುರುಬರ ಮನೆ, ರವಿವಾರ ಮಟನ್ ಕುದಿಯದಿದ್ದರೆ ಅದು ರವಿವಾರವೇ ಅಲ್ಲ. ಅದೇನೂ ನನಗೆ ಹೊಸತಲ್ಲ. ಆದರೆ ವರ್ಷ ಕಳೆದಂತೆ ಉಳಿದ ಆರು ದಿನಗಳು ಕೆಟ್ಟವು. ಚಂದ್ರಿಕಾ ಹುಟ್ಟಿದಳು, ನಾಲ್ಕು ವರ್ಷದ ಮೇಲೆ ಬೀರೇಶ ಹುಟ್ಟಿದ. ಎರಡು ಕೂಸು, ಗಂಡನ ಪಾಳಿ ಕೆಲಸ, ಹೊಲಿಗೆ ಯಂತ್ರ. ಹೇಮಾಗೆ ಪುರುಸೊತ್ತಿಲ್ಲ. ರೊಟ್ಟಿಯ ಜಾಗಕ್ಕೆ ಬಿಳಿ ಅನ್ನ ಬಂತು, ಪಲ್ಯದ ಜಾಗಕ್ಕೆ ಕರಿದ ಮಿರ್ಚಿ. ಮಕ್ಕಳ ಕೈಗೆ ಅಂಗಡಿಯ ಪೊಟ್ಟಣ ಬಂತು. ಪ್ಲಾಸ್ಟಿಕ್ ಹಿಡಿಯ ಚಾಕುವೊಂದು ಕಟ್ಟೆಯೇರಿ ಕುಳಿತಿತು. ನಾನು ಒಲೆಕಟ್ಟೆಯ ಕೆಳಗೆ, ಗೋಧಿ ಡಬ್ಬಿಯ ಹಿಂದೆ ಸರಿದೆ. ವಾರಕ್ಕೊಮ್ಮೆ ಬಾಡು ಕೊಯ್ಯಲು ಮಾತ್ರ ನನ್ನನ್ನು ಎಳೆಯುತ್ತಿದ್ದರು.

ಅಲ್ಲಿಂದಲೇ ನೋಡುತ್ತಿದ್ದೆ. ಫಕೀರಪ್ಪನ ಪಾದಗಳು ಸಂಜೆಯ ಹೊತ್ತಿಗೆ ಉಬ್ಬುತ್ತಿದ್ದವು. ಕಾಲುಚೀಲದ ಗುರುತು ಗಂಟೆಗಟ್ಟಲೆ ಉಳಿಯುತ್ತಿತ್ತು. ಏಳು ವರ್ಷದ ಚಂದ್ರಿ ಬೆಳಿಗ್ಗೆ ಮಲ ಕಟ್ಟಿ, ಹೊಟ್ಟೆ ಹಿಡಿದು, ಬಚ್ಚಲ ಬಾಗಿಲಲ್ಲಿ ಕೂತು ಅಳುತ್ತಿದ್ದಳು. "ಎವ್ವಾ, ಬರವಲ್ದು" ಎಂದು ಅವಳು ಕಣ್ಣೀರಿಡುವಾಗ ಹೇಮಾ ಬೆನ್ನು ಸವರುತ್ತಾ ನಿಂತಿರುತ್ತಿದ್ದಳು.

ಒಂದು ಮಧ್ಯಾಹ್ನ ಫಕೀರಪ್ಪ ಪಾಳಿ ಮುಗಿಯುವ ಮೊದಲೇ ಮನೆಗೆ ಬಂದ. ಖಾಕಿ ಅಂಗಿ ಬಿಚ್ಚಲಿಲ್ಲ. ಗೋಡೆಗೆ ಒರಗಿ ಕೂತ.

"ಯಾಕ್ರಿ, ಮೈಯಾಗ ಆರಾಮ ಇಲ್ಲೇನು?"

"ವರ್ಷದ ತಪಾಸಣಿ ಆತು. ಸಕ್ಕರಿ ಭಾಳ ಐತಂತ, ಬಿಪಿನೂ ಐತಂತ. ಗಾಡಿ ಕೊಡಂಗಿಲ್ಲ ಅಂದ್ರು. ಮೂರು ತಿಂಗಳ ಡಿಪೋದಾಗ ಕುಂತು ಚೀಟಿ ಬರೀಬೇಕು. ಆಮ್ಯಾಲೆ ಮತ್ತ ನೋಡ್ತಾರಂತ." ತನ್ನ ಎರಡೂ ಅಂಗೈ ನೋಡಿಕೊಂಡ. "ಮೂವತ್ತಾರು ವರ್ಷಕ್ಕ ನನ್ನ ಕೈಯಾಗಿನ ಸ್ಟೇರಿಂಗ್ ಕಸಗೊಂಡ್ರು, ಹೇಮಾ."

ಮೂವತ್ತಾರು ವರ್ಷದ ಆ ಗಂಡಸು ಅತ್ತದ್ದನ್ನು ಆ ಕೋಣೆಯಲ್ಲಿ ಕಂಡವರು ಇಬ್ಬರೇ. ಹೇಮಾ ಮತ್ತು ನಾನು.

ಮರುದಿನ ಅವಳು ಗಂಡನ ಜೊತೆ ಆಸ್ಪತ್ರೆಗೆ ಹೋಗಿ ಬಂದಳು. ಬಂದವಳೇ ಅತ್ತೆಗೆ ಹೇಳಿದಳು: "ಗುಳಿಗಿ ತಪ್ಪಸಬಾರದಂತ ಡಾಕ್ಟರ್ ಹೇಳ್ಯಾರ. ಆದ್ರ ಗುಳಿಗಿ ಒಂದ ಸಾಲಂಗಿಲ್ಲಂತ. ತಾಟಿನ್ಯಾಗ ಅರ್ಧ ಕಾಯಿಪಲ್ಯೆ, ಉಳಿದದ್ದರಾಗ ಕಾಳು, ರೊಟ್ಟಿ. ಹುಡುಗಿ ಹೊಟ್ಟಿನೋವಿಗೂ ಇದ ಔಷಧ ಅಂದ್ರು. ನಾನು ವಿಚಾರ ಮಾಡೀನಿ ಅತ್ತಿ. ಇನ್ನ ನಮ್ಮನ್ಯಾಗ ಕಾಳು-ಕಡಿ, ಸೊಪ್ಪು, ಕಾಯಿಪಲ್ಯೆ. ಮಟನ್ನು, ತತ್ತಿ, ಕರಿದದ್ದು, ಪೊಟ್ಟಣ ಎಲ್ಲಾ ಬಂದ್."

ಗೋಧಿ ಡಬ್ಬಿ ಸರಿಯಿತು. ಬೆಳಕು ಬಿತ್ತು. ನನ್ನನ್ನು ಹೊರಗೆಳೆದು, ಕಲ್ಲಿನ ಮೇಲೆ ನೀರು ಚಿಮುಕಿಸಿ ಮಸೆದಳು. ಅವಳ ಪಾದ ನನ್ನ ಮೇಲೆ ಬಿದ್ದ ಬಿಗುವಿನಲ್ಲೇ ನನಗೆ ಗೊತ್ತಾಯಿತು, ಇವಳು ಹಿಂದೆ ಸರಿಯುವವಳಲ್ಲ.

ಮೊದಲ ವಾರ ಮಾತ್ರ ಸೋಲಿನ ಮೇಲೆ ಸೋಲು. ಹೆದರಿಕೆಯಲ್ಲಿ ಅವಳು ಎಣ್ಣೆ, ಉಪ್ಪು, ಖಾರ ಎಲ್ಲವನ್ನೂ ಒಟ್ಟಿಗೆ ಕೈಬಿಟ್ಟಿದ್ದಳು. ಬೇಯಿಸಿದ ಸೊಪ್ಪು ಒದ್ದೆ ಬಟ್ಟೆಯಂತೆ ತಾಟಿನಲ್ಲಿ ಬಿದ್ದಿರುತ್ತಿತ್ತು. ಬೀರೇಶ ಹೆಸರುಕಾಳನ್ನು ಒಂದೊಂದಾಗಿ ಉಗುಳಿದ. ಚಂದ್ರಿ ಮೆಂತ್ಯ ಪಲ್ಯವನ್ನು ಚಾಪೆಯ ಕೆಳಗೆ ಬಚ್ಚಿಟ್ಟಳು. ಆ ಗುಟ್ಟು ನನಗೂ ಇರುವೆಗಳಿಗೂ ಮಾತ್ರ ಗೊತ್ತಿತ್ತು. ದ್ಯಾಮವ್ವ ತಾಟನ್ನೇ ದೂಡಿದಳು.

"ನಮ್ಮ ಹಿರ್ಯಾರು ಕುರಿ ಕಾಯ್ದವ್ರು. ನೀ ನಮಗ ಮೂರೂ ಹೊತ್ತು ಸೊಪ್ಪು ಹಾಕಾಕತ್ತೀ. ನಾವೇನ ಕುರಿ ಆಗೀವೇನು?"

ಫಕೀರಪ್ಪನಿಗೆ ನಗು ಬಂತು, ಹೇಮಾಗೆ ಅಳು ಬಂತು. ಆ ರವಿವಾರ ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮಲಗಿದಳು. "ನನ್ನ ಮಗನ ಎಲುಬು ಎಣಿಸೂ ಹಂಗ ಮಾಡ್ತಾಳ ಇಕಿ" ಎಂದು ಗೋಡೆಗೆ ಹೇಳುತ್ತಿದ್ದಳು.

ಹೇಮಾ ಚಪ್ಪಲಿ ಮೆಟ್ಟಿ ಹೊರಟಳು. ಹಿಂದಿರುಗುವಾಗ ಕೋಲೂರಿಕೊಂಡು ತುಳಜಾಬಾಯಿ ಜೊತೆಗಿದ್ದಳು. ಬೆಳ್ಳಿಯ ಕಾಲುಂಗುರ ಕಂಡೊಡನೆ ನನಗೆ ಗುರುತು ಸಿಕ್ಕಿತು. ಮುದುಕಿ ಸೊಪ್ಪಿನ ಪಾತ್ರೆಯ ಮುಚ್ಚಳ ತೆಗೆದು ಮೂಸಿ ನೋಡಿ ಮುಚ್ಚಿಬಿಟ್ಟಳು.

"ಇದನ್ನ ನಾನೂ ತಿನ್ನಂಗಿಲ್ಲ. ಹೇಮಾ, ನನ್ನ ಕಡೆ ಐದು ವರ್ಷ ರೊಟ್ಟಿ ಬಡದೀ, ಒಂದ ದಿನಾನೂ ಒಲಿ ಕಡೆ ನೋಡ್ಲಿಲ್ಲೇನು? ಖಾನಾವಳಿ ರುಚಿ ಬರೇ ಬಾಡಿನ್ಯಾಗ ಇತ್ತಂತ ತಿಳಿದೀಯಾ? ಮಸಾಲಿ ಹುರಿಯೂದ್ರಾಗ ಇತ್ತು."

"ಎಣ್ಣಿ ಬ್ಯಾಡ ಅಂದಾರ, ಕಾಕು."

"ಸುಡಾಕ ಎಣ್ಣಿ ಯಾಕ ಬೇಕು? ಬೆಂಕಿ ಬೇಕು!"

ಮುದುಕಿ ನೆಲದ ಮೇಲೆ ಕೂರಲಾರಳು. ಸ್ಟೂಲಿನ ಮೇಲೆ ಕೂತು ಕೋಲು ತೋರಿಸುತ್ತಾ ಹೇಳಿದಳು, ಹೇಮಾ ಮಾಡಿದಳು. ಉಳ್ಳಾಗಡ್ಡಿಯನ್ನು ಇಡಿಯಾಗಿ ಬೆಂಕಿಯ ಮೇಲಿಟ್ಟು ಸಿಪ್ಪೆ ಕಪ್ಪಾಗುವವರೆಗೆ ಸುಟ್ಟಳು. ಒಣಕೊಬ್ಬರಿ ಚೂರು, ಗಸಗಸೆ, ಧನಿಯಾ, ಲವಂಗ ಬರಿ ಕಾವಲಿಯಲ್ಲಿ ಹುರಿದು, ಬೆಳ್ಳುಳ್ಳಿ ಸೇರಿಸಿ ಅರೆದಳು. ಮೊಳಕೆ ಬಂದ ಮಡಿಕೆಕಾಳು ಅದರಲ್ಲಿ ಕುದಿಯಿತು. ನನ್ನ ಅಲಗಿಗೆ ಎಳೆ ಬದನೆಕಾಯಿ ಬಂದು ನಾಲ್ಕು ಸೀಳಾದವು. ಅವುಗಳ ಹೊಟ್ಟೆಗೆ ಶೇಂಗಾ ಪುಡಿ, ಗುರೆಳ್ಳು ಪುಡಿ ಸೇರಿತು. ಹತ್ತಿ ಲಾರಿಯ ಕಾಲ ನೆನಪಿಲ್ಲದ ನನಗೂ ಖಾನಾವಳಿಯ ಆ ವಾಸನೆ ನೆನಪಿತ್ತು. ಅದು ಈ ಪುಟ್ಟ ಕೋಣೆಯಲ್ಲಿ ಎದ್ದು ನಿಂತಿತು.

ಗೋಡೆಯ ಕಡೆ ಮಲಗಿದ್ದ ದ್ಯಾಮವ್ವ ಮಗ್ಗುಲು ಬದಲಿಸಿದಳು. ಆಮೇಲೆ ಎದ್ದು ಕೂತಳು. "ಸ್ವಲ್ಪ ಹಾಕು, ಉಪ್ಪು ನೋಡ್ತೀನಿ" ಎಂದಳು. ಉಪ್ಪು ನೋಡುತ್ತಾ ನೋಡುತ್ತಾ ಮೂರು ರೊಟ್ಟಿ ಮುಗಿಸಿದಳು. ತಾಟು ತೊಳೆಯುವ ಹಾಗಿರಲಿಲ್ಲ, ಅಷ್ಟು ಚೊಕ್ಕ.

ಅಂದಿನಿಂದ ನನಗೆ ಬಿಡುವಿಲ್ಲ. ಹೀರೇಕಾಯಿ, ಚವಳಿಕಾಯಿ, ಸೌತೆ, ಗಜ್ಜರಿ. ಬೆಳಿಗ್ಗೆ ಮಾರಾಟಕ್ಕೆ ಬರುವ ಹಕ್ಕರಕಿ ಸೊಪ್ಪನ್ನು ಹಸಿಯಾಗಿಯೇ ರೊಟ್ಟಿಯ ಜೊತೆ ಕಡಿದರು. ಹೇಮಾ ಮಕ್ಕಳನ್ನು ಗದರಿಸುವುದನ್ನು ಬಿಟ್ಟು ಕೆಲಸಕ್ಕೆ ಹಚ್ಚಿದಳು. ಚಂದ್ರಿಯದು ಸೊಪ್ಪು ಸೋಸುವ ಪಾಳಿ; ಒಡೆದ ಬಕೆಟ್ಟಿನಲ್ಲಿ ಅವಳೇ ಮೆಂತ್ಯ ಬಿತ್ತಿದಳು. ತಾನು ಬೆಳೆದದ್ದನ್ನು ಚಾಪೆಯ ಕೆಳಗೆ ಇಡುವುದು ಹೇಗೆ? ತಿಂದಳು. ತಿಂಗಳು ತುಂಬುವಷ್ಟರಲ್ಲಿ ಬಚ್ಚಲ ಬಾಗಿಲಿನ ಅಳು ನಿಂತಿತ್ತು. ಒಂದು ಬೆಳಿಗ್ಗೆ ಓಡಿ ಬಂದು, "ಎವ್ವಾ, ಲಗೂನ ಆತು!" ಎಂದು ಮನೆಯೆಲ್ಲ ಕೇಳುವಂತೆ ಕೂಗಿದಳು. ಹೇಮಾ ಕೈಯಲ್ಲಿದ್ದ ಗಜ್ಜರಿ ಬಿಟ್ಟು ಮಗಳನ್ನು ಎತ್ತಿಕೊಂಡಳು.

ಆದರೆ ಫಕೀರಪ್ಪನ ಸಕ್ಕರೆ ಇಳಿದಿರಲಿಲ್ಲ. ಒಂದೂವರೆ ತಿಂಗಳಿಗೆ ಮಾಡಿಸಿದ ಪರೀಕ್ಷೆಯ ಚೀಟಿ ನೋಡಿ ಹೇಮಾ ಗಂಡನ ಎದುರು ಕೂತಳು. ಅವಳ ಪಾದ ನನ್ನ ಮೇಲೆಯೇ ಇತ್ತು. ಆದರೆ ಕೈಯಲ್ಲಿ ತರಕಾರಿ ಇರಲಿಲ್ಲ.

"ಖರೇ ಹೇಳ್ರಿ. ನಾ ಕಟ್ಟಿ ಕೊಡೂ ಊಟದ ಡಬ್ಬಿ ಯಾರು ತಿನ್ನಾಕತ್ತಾರ?"

ಅವನು ತಲೆ ತಗ್ಗಿಸಿದ. "ನಾಯಿಗೆ ಹಾಕ್ತೀನಿ. ಡಬ್ಬಿ ತೆಗದ್ರ ಡಿಪೋ ಹುಡುಗ್ರು 'ಸೊಪ್ಪಿನ ಡ್ರೈವರ್ ಬಂದ' ಅಂತ ನಗತಾರ. ಅವ್ರ ಜೋಡಿ ಕ್ಯಾಂಟೀನಿಗೆ ಹೋಗಿ ಭಜಿ, ಪುರಿ ತಿಂತೀನಿ."

ಬೈಗುಳ ಸುರಿಯುತ್ತದೆ ಎಂದುಕೊಂಡೆ. ಹೇಮಾ ಬೈಯಲಿಲ್ಲ. "ನಾಯಿನರ ಆರಾಮ ಐತಿಲ್ಲೋ?" ಎಂದು ಕೇಳಿದಳು. ಮರುದಿನ ನಸುಕಿನಲ್ಲೇ ಎದ್ದು ನನ್ನನ್ನು ಎಳೆದುಕೊಂಡಳು. ಅಂದು ಕೊಯ್ದ ಬದನೆಕಾಯಿಗೆ ಲೆಕ್ಕವಿಲ್ಲ. ಆರು ಜನ ಉಣ್ಣುವಷ್ಟು ದೊಡ್ಡ ಡಬ್ಬಿ ಕಟ್ಟಿ ಗಂಡನ ಕೈಗಿತ್ತಳು. "ನಿಮಗಲ್ಲ. ನಗೂವವ್ರಿಗೆ."

ಸಂಜೆ ಡಬ್ಬಿ ಖಾಲಿಯಾಗಿ ಬಂತು. ಎರಡನೆಯ ದಿನವೂ ಖಾಲಿ. ವಾರದ ಮೇಲೆ ಫಕೀರಪ್ಪ ಹೊಸ್ತಿಲಲ್ಲಿ ಬೂಟು ಬಿಚ್ಚುತ್ತಲೇ ಕೂಗಿ ಹೇಳಿದ: "ಇವತ್ತ ಲೇಟಾತು ಅಂತ ಹುಡುಗ್ರು ಗೇಟಿಗೇ ಬಂದು ನಿಂತಿದ್ರು, ಹೇಮಾ! ನಾಳಿಂದ ರೊಟ್ಟಿ ಅವ್ರು ತರ್ತಾರಂತ. ಪಲ್ಯೆ ಮಾತ್ರ ನಿನ್ನ ಕೈಯಿಂದಽ ಬೇಕಂತ."

ಆ ದಿನಗಳಲ್ಲೇ ಮೇಲಿನ ಮನೆಯ ಹೆಂಗಸು ಬಾಗಿಲಲ್ಲಿ ನಿಂತು, "ಬಾಡು ಬಿಟ್ರಂತಲ್ಲ, ಚೊಲೋ ಆತ ನೋಡ್ರಿ. ಈಗ ನೀವೂ ಸ್ವಚ್ಛ ಆದ್ರಿ. ನಮ್ಮ ಮನಿಯೊಳಗ ಬಂದು ಕೂಡಬಹುದು" ಎಂದಳು. ಹೇಮಾಳ ಕೈ ನನ್ನ ಅಲಗಿನ ಬಳಿ ನಿಂತುಬಿಟ್ಟಿತು. ಅವಳು ಬಾಯಿ ತೆರೆಯುವ ಮೊದಲೇ ಒಳಗಿಂದ ದ್ಯಾಮವ್ವ ಬಂದಳು.

"ತಂಗಿ, ಬಾಡು ತಿನ್ನುವಾಗೂ ನಾವು ಸ್ವಚ್ಛನ ಇದ್ದಿವಿ. ನನ್ನ ಸೊಸಿ ಮಡಿಗಂತ ಬಿಟ್ಟಿಲ್ಲ, ನನ್ನ ಮಗನ ಜೀವಕ್ಕಂತ ಬಿಟ್ಟಾಳ. ನಿಮ್ಮ ಮನಿಯೊಳಗ ಕೂಡಾಕ ನಮಗ ಪುರುಸೊತ್ತಿಲ್ಲ. ನೀವಽ ಒಳಗ ಬರ್ರಿ, ಬದನಿಕಾಯಿ ಪಲ್ಯೆ ಐತಿ."

ಆ ಹೆಂಗಸು ಒಳಗೆ ಬರಲಿಲ್ಲ. ಅತ್ತೆ-ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ದ್ಯಾಮವ್ವ ನನ್ನ ಎದುರು ಕೂತು, "ಅತ್ತಾಗ ಸರಿ, ಚವಳಿಕಾಯಿ ನಾ ಕೊಯ್ತೀನಿ" ಎಂದಳು. ಅವಳ ಪಾದ ನನ್ನ ಮಣೆಯ ಮೇಲೆ ಬಿದ್ದದ್ದು ಅದೇ ಮೊದಲು.

ಮೂರು ತಿಂಗಳು ಸಾಲಲಿಲ್ಲ. "ಇಳಿದೈತಿ, ಇನ್ನೂ ಇಳೀಬೇಕು" ಎಂದು ಡಾಕ್ಟರು ಇನ್ನೆರಡು ತಿಂಗಳು ತಡೆದರು. ಫಕೀರಪ್ಪ ದಿನಾ ಬೆಳಿಗ್ಗೆ ಡಿಪೋಗೆ ನಡೆದೇ ಹೋದ. ಕಾಲುಚೀಲದ ಗುರುತು ತೆಳುವಾಗುತ್ತಾ ಹೋಯಿತು. ಐದನೆಯ ತಿಂಗಳ ಕೊನೆಗೆ ಪರೀಕ್ಷೆ. ಅಂದು ಹೇಮಾ ಅದೇ ಉಳ್ಳಾಗಡ್ಡಿಯನ್ನು ಮತ್ತೆ ಮತ್ತೆ ಹೆಚ್ಚಿದಳು, ಅದು ನುಚ್ಚಾಯಿತು. ಫೋನು ಬಡಿದುಕೊಂಡಾಗ ಎತ್ತಿಕೊಂಡದ್ದು ದ್ಯಾಮವ್ವ. ಕೇಳಿಸಿಕೊಂಡಳು, ಫೋನು ಸೊಸೆಯ ಕೈಗೆ ಕೊಡುವುದನ್ನೇ ಮರೆತಳು.

"ಪಾಸಾದಂತ! ಗುಳಿಗಿನೂ ಒಂದು ಕಡಿಮಿ ಮಾಡ್ಯಾರಂತ! ಹೇಮವ್ವಾ, ನಾಳಿ ಲಕ್ಷ್ಮೇಶ್ವರದ ಗಾಡಿ ಅವಂದಂತ!"

ಮರುದಿನ ಮನೆಯವರೆಲ್ಲ ಅವನ ಬಸ್ಸು ಹತ್ತಲು ಹೊರಟರು. ಕೋಲಿಲ್ಲದೆ ನಡೆಯಲಾರದ ತುಳಜಾಬಾಯಿಯನ್ನೂ ರಿಕ್ಷಾದಲ್ಲಿ ಕರೆದೊಯ್ದರು. ಬೀಗ ಹಾಕಿದ ಮನೆಯಲ್ಲಿ ನಾನೊಬ್ಬನೇ. ಸ್ವಲ್ಪ ಹೊತ್ತಿಗೆ ದೊಡ್ಡ ರಸ್ತೆಯ ಕಡೆಯಿಂದ ಹಾರನ್ನು ಕೇಳಿತು. ಅಗತ್ಯಕ್ಕಿಂತ ಬಹಳ ಉದ್ದ, ಬಹಳ ಜೋರು. ಓಣಿಯ ಮೂಲೆಗೆ ಬಂದಾಗ ಇನ್ನೊಮ್ಮೆ. ಕಟ್ಟೆಯ ಮೇಲಿನ ತಾಟುಗಳು ಸಣ್ಣಗೆ ನಡುಗಿದವು.

ಅದಾಗಿ ಹದಿನಾಲ್ಕು ವರ್ಷ. ತುಳಜಾಬಾಯಿ ಈಗಿಲ್ಲ. ಫಕೀರಪ್ಪ ಇನ್ನೂ ಗಾಡಿ ಓಡಿಸುತ್ತಾನೆ. ಗುಳಿಗೆಯನ್ನೂ ನುಂಗುತ್ತಾನೆ, ನಡೆಯುವುದನ್ನೂ ಬಿಟ್ಟಿಲ್ಲ. ಹೇಮಾ ಹೊಲಿಗೆ ಯಂತ್ರ ಮಾರಿ, ಡಿಪೋದವರಿಗೂ ಎರಡು ಶಾಲೆಯ ಶಿಕ್ಷಕರಿಗೂ ಊಟದ ಡಬ್ಬಿ ಕಟ್ಟುತ್ತಾಳೆ. ಮೂವರು ಹೆಂಗಸರು ಅವಳ ಕೈಕೆಳಗಿದ್ದಾರೆ. ಮಸೆದು ಮಸೆದು ನನ್ನ ಅಲಗು ಬಿದಿಗೆಯ ಚಂದ್ರನಷ್ಟಾಗಿದೆ. ಕಳೆದ ವರ್ಷ ಮೌನೇಶಪ್ಪನ ಮಗನಿಗೆ ತೋರಿಸಿದರೆ, "ಇದರಾಗ ಇನ್ನ ಉಕ್ಕಿಲ್ಲರಿ, ಹೊಸಾದು ತಗೋರಿ" ಎಂದ. ಹೊಸದು ಬಂತು. ನನ್ನನ್ನು ಗುಜರಿಗೆ ಕೊಡಲು ಹೇಮಾ ಒಪ್ಪಲಿಲ್ಲ. ಎಣ್ಣೆ ಸವರಿ ಅಡುಗೆಮನೆಯ ಕಿಟಕಿಯ ಮೂಲೆಯಲ್ಲಿ ಇಟ್ಟಿದ್ದಾಳೆ. ನನಗೆ ಮಟನ್ನಿನ ಮೇಲೂ ಹಗೆಯಿಲ್ಲ, ಮೆಂತ್ಯದ ಮೇಲೂ ಮೋಹವಿಲ್ಲ; ಎದುರು ಬಂದದ್ದನ್ನು ಕೊಯ್ದವನು ನಾನು. ಆದರೆ ಒಬ್ಬಳು ತಾಯಿ ಹಟ ಹಿಡಿದರೆ ಒಂದು ಮನೆ ಹೇಗೆ ಎದ್ದು ನಿಲ್ಲುತ್ತದೆ ಎಂಬುದನ್ನು ನೆಲದಲ್ಲಿ ಕೂತು ನೋಡಿದ್ದೇನೆ.

ಮೊನ್ನೆ ಚಂದ್ರಿಕಾ ಕಾಲೇಜಿನ ಓಟದಲ್ಲಿ ಗೆದ್ದ ಪದಕವನ್ನು ತಂದು ನನ್ನ ಪಕ್ಕದ ಮೊಳೆಗೆ ತೂಗುಹಾಕಿದಳು. ಅವಳ ಕೆನ್ನೆ ನೋಡಿದೆ, ಬೀರೇಶನ ಎತ್ತರ ನೋಡಿದೆ. ನನ್ನಲ್ಲಿ ಉಕ್ಕಿಲ್ಲ ಎಂದ ಆ ಕಮ್ಮಾರನಿಗೆ ಒಂದು ಮಾತು ಹೇಳಬೇಕೆನ್ನಿಸುತ್ತದೆ. ಇಷ್ಟು ವರ್ಷ ನಾನು ದಿನಕ್ಕೊಂದಿಷ್ಟು ಸವೆದದ್ದು ಈ ಮನೆಯ ಪಲ್ಯದೊಳಗೇ, ತಮ್ಮಾ. ಉಕ್ಕು ಎಲ್ಲೂ ಹೋಗಿಲ್ಲ. ಅಗೋ, ಓಡಾಡುತ್ತಿದೆ.