ಯಾವ ತೆಗಿ?

ನಮ್ಮ ಅತ್ತೆಗೆ ಇಬ್ಬರು ಸೊಸೆಯರು. ಒಬ್ಬಳು ದಿನಾ ಸಾವಿನ ಬಾಯಿಂದ ತಪ್ಪಿಸಿಕೊಂಡು ಬರುತ್ತಾಳೆ. ಇನ್ನೊಬ್ಬಳು ಬರೀ ಕೆಲಸ ಮುಗಿಸಿಕೊಂಡು ಬರುತ್ತಾಳೆ. ಆ ಇನ್ನೊಬ್ಬಳು ನಾನು.

ನನ್ನ ಓರಗಿತ್ತಿಯನ್ನು ಅತ್ತೆ ಕರೆಯುವುದೇ ಗಾಳಿಪಟ ಎಂದು. ರಸ್ತೆ ದಾಟುವಾಗ ಅವಳು ಎಡಬಲ ನೋಡುವುದಿಲ್ಲ. ಬಸ್ಸಿನವನೇ ಬ್ರೇಕ್ ಹಾಕಬೇಕು. ಬಟ್ಟೆ ಒಣಹಾಕಲು ಅಲ್ಲಾಡುವ ಸ್ಟೂಲ್ ಹತ್ತಿ, ಕಿಟಕಿಯಿಂದಾಚೆ ಸೊಂಟದವರೆಗೂ ಬಾಗುತ್ತಾಳೆ. ಒದ್ದೆ ಕೈಯಲ್ಲೇ ಸ್ವಿಚ್ ಒತ್ತುತ್ತಾಳೆ. ಇನ್ನೇನು ಹೋದಳು ಎನ್ನುವಷ್ಟರಲ್ಲಿ ಕೂದಲೆಳೆಯಲ್ಲಿ ಪಾರಾಗಿ, ನಗುತ್ತ ಮನೆಗೆ ಬರುತ್ತಾಳೆ. ಸಂಜೆ ಎದುರುಮನೆಯಾಕೆ ಬಂದು ಕೂತರೆ ಸಾಕು, ಅತ್ತೆಯ ಪುರಾಣ ಶುರು.

"ಬಸ್ಸು ಇಷ್ಟು ಹತ್ರ ಬಂದಿತ್ತಂತೆ. ಇವಳ ಚೀಲಕ್ಕೆ ತಾಗ್ಕೊಂಡೇ ಹೋಯ್ತಂತೆ. ಇವಳು ಡ್ರೈವರಿಗೇ ಬೈದು ಬಂದಿದಾಳೆ ನೋಡಿ," ಎಂದು ಅತ್ತೆ ಕೈ ಅಗಲಿಸಿ ತೋರಿಸುತ್ತಾರೆ. ಮೊದಲ ದಿನ ಮಾರುದ್ದವಿದ್ದ ಅಂತರ ವಾರ ಕಳೆಯುವಷ್ಟರಲ್ಲಿ ಬೆರಳಗಲಕ್ಕೆ ಇಳಿದಿರುತ್ತದೆ.

ನನಗೆ ಹೊಟ್ಟೆ ಉರಿಯುತ್ತಿತ್ತು. ಸುತ್ತಿ ಬಳಸಿ ಹೇಳುವುದೇಕೆ? ನಾನು ಈ ಮನೆಗೆ ಮೊದಲು ಬಂದವಳು. ಸಿಗ್ನಲ್ಲಿಗೆ ಕಾದು ರಸ್ತೆ ದಾಟಿದವಳು, ಮಲಗಿದ ಮೇಲೂ ಎದ್ದು ಗ್ಯಾಸ್ ನೋಡಿ ಬಂದವಳು. ಅತ್ತೆಯ ಬಾಯಲ್ಲಿ ನನ್ನ ಕಥೆ ಒಂದೂ ಇಲ್ಲ. "ದೊಡ್ಡವಳು ಬಿಡಿ, ಅವಳ ಚಿಂತೆ ಇಲ್ಲ," ಎನ್ನುವಲ್ಲಿಗೆ ನನ್ನ ಅಧ್ಯಾಯ ಮುಗಿಯುತ್ತದೆ. ಒಂದೇ ಒಂದು ಸಂಜೆ ಅತ್ತೆ ಕೈ ಅಗಲಿಸಿ ನನ್ನ ಕಥೆ ಹೇಳಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ.

ನಾವಿಬ್ಬರೂ ಒಂದೇ ಲಾಂಡ್ರಿಯಲ್ಲಿ ಕೆಲಸ ಮಾಡುತ್ತೇವೆ. ಹೋಟೆಲುಗಳಿಂದ, ಆಸ್ಪತ್ರೆಗಳಿಂದ ಹಾಸಿಗೆ ಬಟ್ಟೆ ಬರುತ್ತದೆ. ಅದಕ್ಕೆ ಇಸ್ತ್ರಿ ಮಾಡುವ ಯಂತ್ರ ಮಂಚದಷ್ಟು ದೊಡ್ಡದು: ಕೆಳಗೊಂದು ಹಲಗೆ, ಮೇಲೊಂದು ಮುಚ್ಚಳ, ನಡುವೆ ಹಬೆ. ಹಬೆಯ ವಾಲ್ವ್ ಇರುವುದು ಯಂತ್ರದ ಹಿಂದಿನ ಗೋಡೆಯಲ್ಲಿ. ಅಲ್ಲಿ ನಿಂತವಳಿಗೆ ಮುಂದಿನವಳ ಕೈ ಕಾಣಿಸುವುದಿಲ್ಲ, ಕೂಗಿದ್ದಷ್ಟೇ ಕೇಳಿಸುತ್ತದೆ.

ಗಾಳಿಪಟ ಕೆಲಸಕ್ಕೆ ಸೇರಿದ ದಿನವೇ ಮುಂದೆ ನಿಂತು, "ಅಕ್ಕಾ, ಹಬೆ ತೆಗೀರಿ," ಎಂದು ಕೂಗಿದಳು. ನಾನು ವಾಲ್ವ್ ಮುಟ್ಟದೆ ಮುಂದೆ ಬಂದು ಪಾಠ ಮಾಡಿದೆ.

"ಬಾಗಿಲು ತೆಗಿ ಅಂದ್ರೆ ಏನ್ ಮಾಡ್ತೀಯ?"

"ತೆರೀತೀನಿ."

"ದೀಪ ತೆಗಿ ಅಂದ್ರೆ?"

"ಆರಿಸ್ತೀನಿ."

"ಹಾಗಾದ್ರೆ ಹಬೆ ಬಾಗಿಲಿನ ಜಾತಿನೋ, ದೀಪದ ಜಾತಿನೋ?"

ಅವಳು ಕಿಸಕ್ಕನೆ ನಕ್ಕಳು. ನಾನು ನಗಲಿಲ್ಲ. "ಇಲ್ಲಿ ಎರಡೇ ಮಾತು. ಬಿಡು, ನಿಲ್ಸು. ಯಾರಾದ್ರೂ ತೆಗಿ ಅಂದ್ರೆ ವಾಲ್ವಿಂದ ಕೈ ಎತ್ತಿ, ಮುಂದೆ ಬಂದು, ಯಾವ ತೆಗಿ ಅಂತ ಕೇಳ್ಬೇಕು," ಎಂದೆ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು ಎಂದೇ ಅಂದುಕೊಂಡೆ.

ಮೊನ್ನೆ ಅವಳು ಮುಚ್ಚಿಕೊಳ್ಳುತ್ತಿದ್ದ ಲಿಫ್ಟಿಗೆ ಕಾಲು ಅಡ್ಡ ಕೊಟ್ಟು ಬಂದಳು. ಅತ್ತೆ ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕುತ್ತ, ಎದುರುಮನೆಯಾಕೆಗೆ ಕಥೆ ಹೇಳುತ್ತ, ನನ್ನ ಕಡೆ ತಿರುಗಿ, "ದೊಡ್ಡವಳೇ, ಟೀ ಇಡು," ಎಂದರು. ಟೀ ಇಟ್ಟೆ. ಪಾತ್ರೆ ಕುಕ್ಕಿಯೇ ಇಟ್ಟೆ. ನನಗೂ ಒಂದು ಗಂಡಾಂತರ ಬೇಕು ಎಂದು ಆಗಲೇ ತೀರ್ಮಾನವಾಯಿತು. ದೊಡ್ಡದೇನೂ ಬೇಡ. ಒಂದು ಸಣ್ಣ ಬೊಬ್ಬೆ, ಕೈಗೊಂದು ಬಿಳಿ ಪಟ್ಟಿ, ಒಂದು ಸಂಜೆಯ ಕಥೆ. ಗಂಡಾಂತರವನ್ನೂ ಅಳತೆ ಕೊಟ್ಟು ಹೊಲಿಸಿಕೊಳ್ಳುವವಳು ನಾನು.

ಮರುದಿನ ವಾಲ್ವಿನ ಬಳಿ ಗಾಳಿಪಟ, ಮುಂದೆ ನಾನು. ಹಬೆ ನಿಂತಿತ್ತು, ಮುಚ್ಚಳ ಅರ್ಧ ಇಳಿದಿತ್ತು, ಒಳಗೆ ದಿಂಬಿನ ಚೀಲವೊಂದು ಮುದುಡಿತ್ತು. ಮುಚ್ಚಳ ಎತ್ತಿ ಸರಿಮಾಡುವುದು ಕ್ರಮ. ನಾನು ಪಕ್ಕದಿಂದ ಕೈ ತೂರಿಸಿದೆ. ಮುಚ್ಚಳ ಮೊಣಕೈಗೆ ತಾಗಿ ಚುರ್ ಎಂದಿತು. ಇಷ್ಟು ಸಾಕು ಎಂದು ಎಳೆದುಕೊಂಡರೆ ಕೈ ಬರಲಿಲ್ಲ. ಮೇಲಂಗಿಯ ತೋಳಿನ ಗುಂಡಿ ಒಳಗಿನ ಕೊಕ್ಕೆಗೆ ಸಿಕ್ಕಿಬಿದ್ದಿತ್ತು.

ಅದು ಹಬೆ ಬಿಡುವ ಹೊತ್ತು. ಅವಳು ವಾಲ್ವ್ ಹಿಡಿದುಕೊಂಡು ನನ್ನ ಕೂಗಿಗೇ ಕಾಯುತ್ತಿದ್ದಳು. ಹಬೆ ಬಂದರೆ ಕೈ ಮೂಳೆಯವರೆಗೆ ಬೆಂದುಹೋಗುತ್ತದೆ. ಮುಚ್ಚಳ ಎತ್ತು ಎನ್ನಬೇಕಿತ್ತು. ಬಾಯಿಂದ ಹೊರಟದ್ದು, "ತೆಗಿ, ತೆಗಿಯೇ."

ಅಂದಮೇಲೆ ಅಂದದ್ದೇನೆಂದು ತಿಳಿಯಿತು. ಕಣ್ಣು ಮುಚ್ಚಿಕೊಂಡೆ. ಹಬೆಯ ಸದ್ದು ಬರಲಿಲ್ಲ. ಚಪ್ಪಲಿಯ ಸದ್ದು ಬಂತು.

"ಅಕ್ಕಾ, ಯಾವ ತೆಗಿ?"

ನೋಡಿದವಳು ಮುಚ್ಚಳ ಎತ್ತಿ, ಗುಂಡಿಯನ್ನು ಹಲ್ಲಿನಿಂದ ಕಿತ್ತಳು. ಕೈ ಹೊರಗೆ ಬಂತು. ಉಸಿರು ಬರುವ ಮೊದಲೇ ನನಗೆ ಹೊಳೆದದ್ದೇನು ಗೊತ್ತೆ? ಇದೂ ಅವಳ ಕಥೆಯೇ ಆಯಿತಲ್ಲ. ಬೊಬ್ಬೆ ನನ್ನ ಪಾಲಿಗೆ, ಕಾಪಾಡಿದ ಹೆಸರು ಅವಳ ಪಾಲಿಗೆ.

ಮನೆಗೆ ಹೋದಾಗ ಎದುರುಮನೆಯಾಕೆ ನಮ್ಮ ಬಾಗಿಲಲ್ಲೇ ಇದ್ದಳು. ಗಾಳಿಪಟ ಒಳಗೆ ಅತ್ತೆಗೆ ನಡೆದದ್ದೆಲ್ಲ ಹೇಳಿದಳು. ಅತ್ತೆ ನನ್ನ ಕೈ ಹಿಡಿದು ತಿರುಗಿಸಿ ನೋಡಿದರು. ಹಿಡಿದ ಕೈ ನಡುಗುತ್ತಿತ್ತು.

"ನಿನಗೇನಾಗಿತ್ತೇ," ಎಂದವರು ಮುಂದೆ ಮಾತಾಡಲಿಲ್ಲ.

"ಏನಾಯ್ತಂತೆ?" ಎಂದಳು ಎದುರುಮನೆಯಾಕೆ.

"ಏನಿಲ್ಲ, ನಾಳೆ ಬನ್ನಿ," ಎಂದು ಅತ್ತೆ ಬಾಗಿಲು ಹಾಕಿಬಿಟ್ಟರು.

ಮೈಯೆಲ್ಲ ಉರಿದುಹೋಯಿತು. ಕೈ ಬೇಯಿಸಿಕೊಳ್ಳುವುದೊಂದು ಬಾಕಿ ಉಳಿಸಿ ಬಂದಿದ್ದೇನೆ, ಇದನ್ನೂ ಹೇಳುವುದಿಲ್ಲವೆಂದರೆ ಇನ್ನೇನು ಮಾಡಿಕೊಂಡು ಬರಲಿ? ಮುಖ ಊದಿಸಿಕೊಂಡು ಅಡುಗೆಮನೆಯಲ್ಲಿ ಕೂತೆ. ಗಾಳಿಪಟ ಹಿಂದೆಯೇ ಬಂದಳು.

"ನಾನು ಬಸ್ಸಿಂದ ತಪ್ಪಿಸ್ಕೊಂಡು ಬಂದ್ರೆ ಊರಿಗೆಲ್ಲ ಹೇಳ್ಕೊಂಡು ನಗ್ತಾರೆ," ಎಂದಳು. "ನಿಮಗೆ ಇಷ್ಟೇ ಇಷ್ಟು ಬೊಬ್ಬೆ. ಅವರಿಗೆ ಮಾತೇ ನಿಂತೋಗಿದೆ. ನನಗೋಸ್ಕರ ಅವರ ಕೈ ಒಂದು ದಿನಾನೂ ನಡುಗಿಲ್ಲ ಅಕ್ಕ."

ನಗುತ್ತಲೇ ಅಂದಳು. ಆಮೇಲೆ ಪಾತ್ರೆಗಳನ್ನು ಎತ್ತಿ ಕಟ್ಟೆಯ ಮೇಲೆ ಒಂದೊಂದಾಗಿ ಕುಕ್ಕತೊಡಗಿದಳು. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಈ ಮನೆಯಲ್ಲಿ ಇಷ್ಟು ವರ್ಷ ಅದನ್ನು ಮಾಡಿಕೊಂಡು ಬಂದವಳು ನಾನೇ.

ಅವತ್ತು ಊಟ ರುಚಿಸಿತು. "ಇನ್ನೊಂಚೂರು ಹಾಕು," ಎಂದು ಅವಳ ಮುಂದೆಯೇ ತಟ್ಟೆ ಹಿಡಿದೆ.