ಮೊದಲ ಟ್ರಿಪ್ಪಿನ ಪ್ಯಾಸೆಂಜರ್

ದೋಣಿ ಹತ್ತುವ ಮುಂಚೆಯೇ ಮೂರು ಜನ ನನಗೆ ಬುದ್ಧಿ ಹೇಳಿದರು. ಟಿಕೆಟ್ ಕೊಡುವವನು, "ಇದು ಸೀಸನ್ ಅಲ್ಲಮ್ಮ, ಆ ದ್ವೀಪದಲ್ಲಿ ಈಗ ಏನೂ ತೆಗೆದಿರಲ್ಲ" ಎಂದ. ಚಹಾ ಮಾರುವವಳು, "ಅಲ್ಲಿ ಹೋಗಿ ಏನ್ ನೋಡ್ತೀರಾ, ಬರೀ ಗಾಳಿ" ಎಂದಳು. ದೋಣಿಯವನಂತೂ ನನ್ನನ್ನು ಮೇಲಿಂದ ಕೆಳಗೆ ಅಳೆದು, "ಸಮುದ್ರ ಕುಣೀತಿದೆ, ಗುಂಡಿಗೆ ಗಟ್ಟಿ ಇದೆ ತಾನೆ?" ಎಂದು ಕೇಳಿದ.

"ಮಗಳನ್ನ ನೋಡೋಕೆ ಎಂಥ ಸೀಸನ್ನಪ್ಪ? ಅವಳೇನು ಮಾವಿನಹಣ್ಣಾ?" ಎಂದು ಹತ್ತಿ ಕೂತೆ.

ಗುಂಡಿಗೆ ಗಟ್ಟಿ ಇರಲಿಲ್ಲ. ನನಗೆ ನೀರೆಂದರೆ ಪ್ರಾಣಭಯ. ತಲೆಗೆ ನೀರು ಹುಯ್ದುಕೊಳ್ಳುವಾಗಲೂ ಒಂದು ಕೈಯಲ್ಲಿ ಗೋಡೆ ಹಿಡಿದಿರುತ್ತೇನೆ. ಬಸ್ ಕಂಡಕ್ಟರಾಗಿ ಜೀವ ಸವೆಸಿದವಳು ನಾನು. ಕುಡಿದು ಗಲಾಟೆ ಮಾಡುವ ಗಂಡಸರನ್ನು ಕತ್ತಿನ ಪಟ್ಟಿ ಹಿಡಿದು ಕೆಳಗಿಳಿಸಿದ್ದೇನೆ. ಆದರೆ ಅದೆಲ್ಲ ನೆಲದ ಮೇಲಿನ ಶೌರ್ಯ.

ಇಂಥವಳ ಹೊಟ್ಟೆಯಲ್ಲಿ ಈಜು ಕಲಿಸುವ ಮಗಳು ಹುಟ್ಟಿದಳು. ಆ ದ್ವೀಪದಲ್ಲಿ ಅವಳದೇ ಒಂದು ಸಣ್ಣ ಈಜು ಶಾಲೆ. ಹೋದ ಸೀಸನ್ನಿನ ಕೊನೆಗೆ ಕಲಿಯಲು ಬಂದಿದ್ದ ಒಬ್ಬ ಬ್ಯಾಂಕ್ ಮ್ಯಾನೇಜರ್, ಅವಳು ಕೈ ಬಿಟ್ಟ ಗಳಿಗೆಯಲ್ಲೇ ಗಾಬರಿಬಿದ್ದು ಮುಳುಗಿ, ನೀರು ಕುಡಿದು, ಪ್ರಜ್ಞೆ ತಪ್ಪಿದ್ದ. ಅವಳೇ ದಡಕ್ಕೆ ಎಳೆದು ತಂದು ಬದುಕಿಸಿದಳು. ಆತ ವಾರದೊಳಗೆ ಅವಳಿಗೆ ಹೂವಿನ ಚಿತ್ರದ ಗುಡ್ ಮಾರ್ನಿಂಗ್ ಕಳಿಸತೊಡಗಿದ. ಮುಳುಗಿದವನು ಮೇಲೆ ಬಂದಿದ್ದ, ಎತ್ತಿದವಳು ಇನ್ನೂ ಬಂದಿರಲಿಲ್ಲ. ಅವತ್ತಿನಿಂದ ಅವಳು ಒಬ್ಬರನ್ನೂ ನೀರಿಗೆ ಇಳಿಸಿರಲಿಲ್ಲ, ತಾನೂ ಇಳಿದಿರಲಿಲ್ಲ.

"ಶಾಲೆ ಮುಚ್ಚಿ ಮನೆಗೆ ಬಂದ್ಬಿಡ್ತೀನಮ್ಮ. ಒಂದು ಕಂಪನೀಲಿ ಫೋನ್ ಎತ್ತೋ ಕೆಲಸ ಸಿಗುತ್ತೆ" ಎಂದು ಅವಳು ಹೇಳಿದಾಗ ಬೇರೆ ತಾಯಿಯಾಗಿದ್ದರೆ ಹಿಗ್ಗುತ್ತಿದ್ದಳೇನೋ. ನನಗೆ ಮೈ ಉರಿಯಿತು. ನಡೆಯಲು ಕಲಿಯುವ ಮೊದಲೇ ಬಚ್ಚಲಿಗೆ ತೆವಳಿಕೊಂಡು ಹೋಗುತ್ತಿದ್ದ ಹುಡುಗಿ ಫೋನ್ ಎತ್ತುತ್ತಾಳಂತೆ! ಕೈಗೆ ಸಿಕ್ಕಿದ ಬಟ್ಟೆ ಚೀಲಕ್ಕೆ ತುರುಕಿ ಹೊರಟುಬಿಟ್ಟೆ.

ದ್ವೀಪದಲ್ಲಿ ನಾಯಿಗಳು ರಸ್ತೆಯ ನಟ್ಟನಡುವೆ ಮಲಗಿದ್ದವು. ಟೋಪಿ ಅಂಗಡಿ, ಐಸ್‌ಕ್ರೀಮ್ ಅಂಗಡಿ, ಎಲ್ಲಕ್ಕೂ ಶಟರ್ ಎಳೆದಿತ್ತು. ದೊಡ್ಡ ದೊಡ್ಡ ಛತ್ರಿಗಳನ್ನು ಮಡಚಿ, ಹಗ್ಗ ಬಿಗಿದು, ತೆಂಗಿನ ಮರಗಳಿಗೆ ಒರಗಿಸಿದ್ದರು. ಹೋಟೆಲಿನ ಜಗುಲಿಯಲ್ಲಿ ಹಾಸಿಗೆಗಳು ಗೋಡೆಗೆ ಸಾಲಾಗಿ ನಿಂತಿದ್ದವು. ಮಗಳು ದೋಣಿಕಟ್ಟೆಗೆ ಬಂದಿದ್ದಳು. ಅವಳ ತಲೆಗೂದಲು ಪೂರ್ತಿ ಒಣಗಿತ್ತು. ಅವಳಿಗೆ ಬುದ್ಧಿ ಬಂದಾಗಿನಿಂದ ನಾನು ಅದನ್ನು ಒದ್ದೆಯಾಗಿಯೇ ನೋಡಿದವಳು.

ಶಾಲೆಯ ಹಿಂದಿನ ಅವಳ ಕೋಣೆಯಲ್ಲಿ ಪಾತ್ರೆಗಳೆಲ್ಲ ಆಗಲೇ ಪೆಟ್ಟಿಗೆ ಸೇರಿದ್ದರಿಂದ ಊಟಕ್ಕೆ ಹೋಟೆಲಿಗೆ ಹೋದೆವು. ಅಲ್ಲಿ ಅಡುಗೆ, ಕಾವಲು, ಲೆಕ್ಕಪತ್ರ ಎಲ್ಲಕ್ಕೂ ಒಬ್ಬನೇ ಇದ್ದ. ದಪ್ಪನೆಯ ಮೆನು ಕಾರ್ಡ್ ತಂದುಕೊಟ್ಟ. ನಾನು ಯಾವುದಕ್ಕೆ ಬೆರಳಿಟ್ಟರೂ, "ಅದು ಸೀಸನ್ನಲ್ಲಿ ಮೇಡಂ" ಎಂದ.

"ಈಗೇನಿದೆ?"

"ಆಮ್ಲೆಟ್."

"ಮತ್ತೆ ಇದನ್ನ ಯಾಕಪ್ಪ ಕೊಟ್ಟೆ?"

"ಓದ್ಕೊಂಡು ತಿಂದ್ರೆ ರುಚಿ ಜಾಸ್ತಿ ಅಲ್ವಾ ಮೇಡಂ."

ಮಗಳು ನಗಲಿಲ್ಲ. ಆಮ್ಲೆಟ್ ಬರುವವರೆಗೆ ಕಾದು ನಾನು ಹೇಳಿದೆ, "ನಾಳೆ ಬೆಳಿಗ್ಗೆ ನನಗೆ ಈಜು ಕಲಿಸು."

"ತಮಾಷೆ ಮಾಡ್ಬೇಡಮ್ಮ. ನೀನು ಬಕೆಟ್ ನೀರಿಗೆ ಹೆದರೋಳು."

"ಅದಕ್ಕೇ ನಾನೇ ಆಗ್ಬೇಕು."

ಅವಳಿಗೆ ನಮ್ಮ ಡಿಪೋದ ಒಂದು ಪದ್ಧತಿ ಹೇಳಿದೆ. ಅಪಘಾತ ಮಾಡಿಕೊಂಡು ಬಂದ ಡ್ರೈವರನಿಗೆ ಅಲ್ಲಿ ಯಾರೂ ಸಮಾಧಾನ ಹೇಳುತ್ತಿರಲಿಲ್ಲ. ವಿಚಾರಣೆ ಮುಗಿದ ಮರುದಿನವೇ ಅದೇ ರೂಟು, ಅದೇ ಕಂಡಕ್ಟರ್. ಮೊದಲ ಟ್ರಿಪ್ಪಿಗೆ ಹೊರಗಿನವರನ್ನು ಹತ್ತಿಸುವಂತಿಲ್ಲ. ಕಂಡಕ್ಟರೇ ತನಗೊಂದು ಟಿಕೆಟ್ ಹರಿದುಕೊಂಡು ಡ್ರೈವರನ ಬೆನ್ನ ಹಿಂದಿನ ಸೀಟಿನಲ್ಲಿ ಪ್ಯಾಸೆಂಜರಾಗಿ ಕೂರಬೇಕು. ನಮ್ಮ ಡ್ರೈವರಣ್ಣ ಒಮ್ಮೆ ಸೈಕಲ್ಲಿನವನಿಗೆ ಗುದ್ದಿ ಬಂದಾಗ ನಾನೂ ಹಾಗೆ ಕೂತಿದ್ದೆ. ಸ್ಟೀರಿಂಗ್ ಮೇಲೆ ಅವನ ಕೈ ಗಡಗಡ ನಡುಗುತ್ತಿತ್ತು. ನಾನು ಕಿಟಕಿಯಾಚೆ ನೋಡುತ್ತ ಕೂತೆ. ಊರ ಕೆರೆ ದಾಟುವಷ್ಟರಲ್ಲಿ ನಡುಕ ನಿಂತಿತ್ತು.

"ಬಸ್ಸು ಬೇರೆ, ನೀರು ಬೇರೆ" ಎಂದಳು ಮಗಳು. "ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲಮ್ಮ. ಬಿಡೋಕೆ ಧೈರ್ಯ ಬರಲ್ಲ. ಬಿಡದೆ ಯಾರಿಗೂ ಈಜು ಬರಲ್ಲ. ಈ ಮಾತು ಇಲ್ಲಿಗೇ ಬಿಡು."

ಹಠ ಅವಳಿಗೆ ಎಲ್ಲಿಂದ ಬಂತೆಂದು ನನಗೇನು ಹೊಸದಾಗಿ ಗೊತ್ತಾಗಬೇಕಿರಲಿಲ್ಲ.

ಬೆಳಿಗ್ಗೆ ಅವಳು ಏಳುವ ಮುಂಚೆ ಅವಳದೇ ಈಜಿನ ಬಟ್ಟೆಯೊಂದನ್ನು ತೆಗೆದುಕೊಂಡೆ. ಅದರೊಳಗೆ ನನ್ನನ್ನು ತುಂಬುವುದು ಗಾದಿಗೆ ದಿಂಬಿನ ಗವಸು ಹಾಕಿದಷ್ಟೇ ಸುಲಭವಾಗಿತ್ತು. ಶಾಲೆಯ ಎದುರಿಗೆ ಬಂಡೆಗಳ ಸಾಲೊಂದು ದೊಡ್ಡ ಅಲೆಗಳನ್ನು ತಡೆದು ಒಳಗಡೆ ಕೊಳದಂಥ ಜಾಗ ಮಾಡಿತ್ತು, ಅದೇ ಅವಳ ಕ್ಲಾಸು. ಬಂಡೆಯಾಚೆ ಸಮುದ್ರ ಬುಸುಗುಡುತ್ತಿತ್ತು. ನಾನು ಪಾದ ಇಟ್ಟೆ. ಮೊಣಕಾಲವರೆಗೆ ಬಂದೆ. ಸೊಂಟಕ್ಕೆ ನೀರು ಮುಟ್ಟಿದಾಗ ಹಲ್ಲು ಕಟಕಟ ಎಂದಿತು, ಚಳಿಯಿಂದಲ್ಲ.

"ಅಮ್ಮಾ! ವಾಪಸ್ ಬಾ!" ಮಗಳು ಮರಳಿನ ಮೇಲೆ ಓಡಿ ಬರುತ್ತಿದ್ದಳು.

"ನೀನು ಬರ್ದಿದ್ರೆ ಒಬ್ಬಳೇ ಮುಂದೆ ಹೋಗ್ತೀನಿ ಕಣೇ."

"ನಿನಗೆ ತಲೆ ಕೆಟ್ಟಿದೆ!"

ಇನ್ನೊಂದು ಹೆಜ್ಜೆ ಹಾಕಿದೆ. ಅವಳು ಉಟ್ಟ ಬಟ್ಟೆಯಲ್ಲೇ ನೀರಿಗಿಳಿದು ಬಂದು ನನ್ನ ರಟ್ಟೆ ಹಿಡಿದಳು. ಅವಳ ಬೈಗುಳ ಮುಗಿದ ಮೇಲೆ, "ಹೇಗೂ ಒದ್ದೆಯಾಗಿದೀಯ, ಪಾಠ ಶುರು ಮಾಡು" ಎಂದೆ.

ಅವಳು ನನ್ನ ಬೆನ್ನ ಕೆಳಗೆ ಎರಡೂ ಕೈ ಇಟ್ಟು, "ಮಲಗು" ಎಂದಳು. ಮಲಗಲು ನನಗೂ ಮನಸ್ಸಿತ್ತು, ಕಾಲುಗಳು ಕೇಳಬೇಕಲ್ಲ! ಸಣ್ಣ ಅಲೆ ಬಂದು ಮೈ ವಾಲಿದರೆ ಸಾಕು, ಕಾಲು ತಾನೇ ಅಗಲವಾಗಿ ನೆಲಕ್ಕೆ ಊರಿಕೊಳ್ಳುತ್ತಿತ್ತು. ಓಡುವ ಬಸ್ಸಿನಲ್ಲಿ ಬೀಳದೆ ನಿಲ್ಲುವುದನ್ನೇ ಅವು ಕಲಿತಿದ್ದವು. ಮತ್ತೆ ಮತ್ತೆ ಹೀಗೇ ಆಯಿತು. ಕೊನೆಗೊಮ್ಮೆ ದೊಡ್ಡ ಅಲೆಯೊಂದು ಬಂಡೆ ಹಾರಿ ಬಂತು. ನಾನು ಎಂದಿನಂತೆ ಕಾಲೂರಲು ಹೋದೆ, ಮರಳು ಜಾರಿತು, ನೀರಿನಡಿಗೆ ಹೋದೆ. ಕಣ್ಣು ಕತ್ತಲಾಯಿತು. ಮರುಕ್ಷಣವೇ ಕಂಕುಳಲ್ಲಿ ಕೈ ಹಾಕಿ ಅವಳು ಎತ್ತಿದ್ದಳು.

ಮೂಗಿನಲ್ಲಿ ಬಾಯಲ್ಲಿ ಉಪ್ಪುನೀರು. ಕೆಮ್ಮಿ ಕೆಮ್ಮಿ ಪಕ್ಕೆ ಹಿಡಿಯಿತು. ಅವಳ ಮುಖ ಬಿಳಿಚಿಕೊಂಡಿತ್ತು.

"ಸಾಕಮ್ಮ, ಕಾಲಿಗೆ ಬೀಳ್ತೀನಿ, ಸಾಕು" ಎಂದು ಅಳತೊಡಗಿದಳು.

ನನಗೂ ಸಾಕಾಗಿತ್ತು. ದಡ ಅಲ್ಲೇ ಇತ್ತು, ಓಡಿ ಹೋಗಿ ಬೆಚ್ಚಗೆ ಹೊದ್ದು ಮಲಗಬೇಕೆನಿಸಿತು. ಆದರೆ ಈಗ ದಡಕ್ಕೆ ಹೋದರೆ ಅವಳು ಜನ್ಮದಲ್ಲಿ ನೀರಿಗಿಳಿಯುವುದಿಲ್ಲ, ಅದು ಖಾತ್ರಿ.

"ನಾನು ಮುಳುಗಿದೆ, ನೀನು ಎತ್ತಿದೆ. ನಿನ್ನ ಕೈ ಕೆಲಸ ಮಾಡ್ತಲ್ಲ? ಇನ್ನೊಂದ್ಸಲ" ಎಂದೆ.

ಅವಳು ಕಣ್ಣೊರೆಸಿಕೊಂಡು ನನ್ನ ಕಾಲುಗಳನ್ನೇ ನೋಡಿದಳು. ಅವು ಇನ್ನೂ ಅಗಲವಾಗಿ ಊರಿಕೊಂಡೇ ಇದ್ದವು. ಏನೋ ಹೊಳೆದವಳಂತೆ, "ಅಮ್ಮ, ಬಸ್ಸಲ್ಲಿ ಎರಡೂ ಕೈಯಲ್ಲಿ ಚಿಲ್ಲರೆ ಎಣಿಸುವಾಗ ನೀನು ಹೇಗೆ ನಿಲ್ತಿದ್ದೆ?" ಎಂದಳು.

"ಪಕ್ಕದ ಸೀಟಿಗೆ ಒರಗಿಕೊಂಡು."

"ಹಾಗೇ ಒರಗು. ಸೀಟು ಬೆನ್ನ ಹಿಂದೇನೇ ಇದೆ."

ಒರಗಿದೆ. ತಲೆ ಹಿಂದಕ್ಕೆ ಹೋಯಿತು, ಕಿವಿಯೊಳಗೆ ನೀರು ತುಂಬಿತು. ಕಾಲುಗಳು ನೆಲ ಬಿಟ್ಟವು. ಮೇಲೆ ಮೋಡದ ಆಕಾಶ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಬೆನ್ನ ಕೆಳಗಿನ ಅವಳ ಅಂಗೈಗಳು ಮೊದಲು ನಡುಗುತ್ತಿದ್ದವು. ನಾನು ಮೋಡ ನೋಡುತ್ತ ಮಲಗಿದೆ. ಬರಬರುತ್ತ ಆ ಕೈಗಳು ಸ್ಥಿರವಾದವು.

ಆಮೇಲೆ ಒಂದು ಕೈ ಸರಿದಂತಾಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದೂ ಇರಲಿಲ್ಲ.

ಜೀವ ಬಾಯಿಗೆ ಬಂತು. ಕೂಗಬೇಕೆನಿಸಿತು. ಕೂಗಿದರೆ ಆ ಕೈಗಳು ಓಡಿ ಬರುತ್ತವೆ, ಬಂದರೆ ಇನ್ನೆಂದೂ ಯಾರನ್ನೂ ಬಿಡುವುದಿಲ್ಲ. ಹಲ್ಲು ಕಚ್ಚಿ, ಮುಷ್ಟಿ ಬಿಗಿಯಲು ಹೋಗಿ, ಬಿಗಿದರೆ ಮುಳುಗುತ್ತೇನೆಂದು ಬೆರಳು ಬಿಡಿಸಿ, ಸದ್ದಿಲ್ಲದೆ ಮಲಗಿದ್ದೆ. ನನ್ನ ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದೂ ಇಲ್ಲ.

"ಅಮ್ಮಾ..." ಅವಳ ದನಿ ನಾನೆಣಿಸಿದ್ದಕ್ಕಿಂತ ತುಂಬ ದೂರದಿಂದ ಬಂತು. "ಅಮ್ಮಾ, ನಾನು ಹಿಡ್ಕೊಂಡಿಲ್ಲ!"

"ಗೊತ್ತು ಕಣೇ" ಎಂದೆ. "ನೀನು ಅಲ್ಲೇ ಇರು."